ಮಳೆಗೆ ಚಿಗುರಿದ ದಾಸವಾಳ ಡಿಸೆಂಬರಲ್ಲಿ ಯಾಕೆ ಒಣಗ್ತದೆ?

ಬದಿಯಡ್ಕ ಕಡೆಯ ಒಬ್ಬರು ಅಕ್ಕ ಕೇಳಿದ್ದು: "ಜೂನಲ್ಲಿ ನರ್ಸರಿಯಿಂದ ತಂದು ನೆಟ್ಟ ದಾಸವಾಳ, ಕೇಪುಳ ಎಲ್ಲ ಮಳೆಗೆ ಚೆಂದ ಚಿಗುರಿತ್ತು, ಈಗ ದಿನಾ ನೀರು ಹಾಕಿದ್ರೂ ಬಾಡ್ತಾ ಉಂಟು. ಗೊಬ್ಬರ ಸಾಲದ್ದಾ?"

ಗೊಬ್ಬರದ್ದಲ್ಲ ಅಕ್ಕ, ಬೇರಿನ ಸಮಸ್ಯೆ. ಬಾಡಿದ ಗಿಡಕ್ಕೆ ದಯವಿಟ್ಟು ಯೂರಿಯಾ ಹಾಕ್ಬೇಡಿ, ಇದ್ದ ನಾಲ್ಕು ಬೇರೂ ಸುಟ್ಟು ಹೋಗ್ತದೆ.

ನೀರು ಹಾಕಿ ಅರ್ಧ ಗಂಟೆ ಬಿಟ್ಟು ಸರೀ ಬುಡದಲ್ಲೇ ಬೆರಳು ಇಳಿಸಿ ನೋಡಿ. ಸುತ್ತಲಿನ ಮಣ್ಣು ಒದ್ದೆ, ತೊಟ್ಟೆಯಿಂದ (ನರ್ಸರಿಯ ಪ್ಲಾಸ್ಟಿಕ್ ಚೀಲದಿಂದ) ಬಂದ ಬೇರಿನ ಮುದ್ದೆ ಮಾತ್ರ ಒಳಗೆ ಕಂದು ಪುಡಿಯಾಗಿ ಒಣಗಿದೆ ಅಂತಾದ್ರೆ ಕಾರಣ ಸಿಕ್ಕಿತು. ನರ್ಸರಿ ತೊಟ್ಟೆಯಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇದ್ರೆ ಅದು ಒಮ್ಮೆ ಪೂರ್ತಿ ಒಣಗಿದ ಮೇಲೆ ನೀರನ್ನು ಬೇಗ ಹೀರುವುದಿಲ್ಲ, ಹಾಕಿದ್ದೆಲ್ಲ ಬದಿಯಿಂದ ಹರಿದು ಹೋಗ್ತದೆ, ಮತ್ತೆ ತೊಟ್ಟೆಯೊಳಗೆ ಸುತ್ತಿ ಸುತ್ತಿ ಬೆಳೆದ ಬೇರು ಮಣ್ಣಿಗೆ ಬಂದ ಮೇಲೂ ಅಲ್ಲೇ ಸುತ್ತುತ್ತಾ ಇರ್ತದೆ. ಮಳೆಗಾಲದಲ್ಲಿ ಇದು ಗೊತ್ತೇ ಆಗುವುದಿಲ್ಲ. ನಮ್ಮ ಕಾಸರಗೋಡಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನಿಂದ ಸೆಪ್ಟೆಂಬರ್ ಒಳಗೇ ಬೀಳ್ತದೆ, ಅಷ್ಟು ನೀರಲ್ಲಿ ದಾಸವಾಳದ ಬರೀ ಗೆಲ್ಲು ಊರಿದ್ರೂ ಚಿಗುರ್ತದೆ. ತುಲಾ ಮಳೆ (ಅಕ್ಟೋಬರ್-ನವೆಂಬರಿನ ಹಿಂಗಾರು) ನಿಂತ ಮೇಲೆಯೇ ಬೇರಿನ ನಿಜಸ್ಥಿತಿ ಗೊತ್ತಾಗುವುದು.

ಈಗ ಮಾಡ್ಬೇಕಾದ್ದು ಏನಂದ್ರೆ, ತೆಳು ಕೋಲಲ್ಲಿ ಆ ಮುದ್ದೆಗೆ ಮೂರ್ನಾಲ್ಕು ಕಡೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಬಿಟ್ಟು ಮೂರು ಸಲ ನಿಧಾನಕ್ಕೆ ನೀರು ಕೊಡಿ. ಎರಡು ವಾರ ದಿನ ಬಿಟ್ಟು ದಿನ ಹೀಗೆ ಬುಡಕ್ಕೇ ಕೊಡಿ, ಚಿಗುರು ಎದ್ದು ನಿಂತ ಮೇಲೆ ನೀರಿನ ಕಟ್ಟೆಯನ್ನು ಗೆಲ್ಲುಗಳ ನೆರಳಿಗಿಂತ ಸ್ವಲ್ಪ ಹೊರಗೆ ಸರಿಸಿ ಮೂರ್ನಾಲ್ಕು ದಿನಕ್ಕೊಮ್ಮೆ ಹೊಟ್ಟೆ ತುಂಬ ಹಾಕಿ. ದಿನಾ ಒಂದು ಚೆಂಬು ಹಾಕುವುದರಿಂದ ಮೇಲ್ಮಣ್ಣು ಮಾತ್ರ ನೆನೆಯುವುದು, ಬೇರೂ ಮೇಲೆಯೇ ಉಳಿಯುವುದು. ಕಟ್ಟೆಯೊಳಗೆ ತರಗೆಲೆ ಇಲ್ಲವೇ ತೆಂಗಿನ ಸಿಪ್ಪೆ ಹಾಸಿ, ಸಿಪ್ಪೆಯ ಗುಳಿ ಇರುವ ಬದಿ ಕೆಳಗೆ ಬರಲಿ. ಕಾಂಡದಿಂದ ನಾಲ್ಕು ಬೆರಳು ಜಾಗ ಬಿಡಲೇಬೇಕು, ಇಲ್ಲದಿದ್ರೆ ಒರಲೆ ಹತ್ತುತ್ತದೆ.

ಇನ್ನು ಮುಂದಿನ ಮಳೆಗೆ ನೆಡುವಾಗ ಹೊಂಡ ಆಳ ಮಾಡುವುದಕ್ಕಿಂತ ಅಗಲ ಮಾಡಿ, ತೊಟ್ಟೆಯ ಎರಡು ಮೂರು ಪಟ್ಟು. ಮುರಕಲ್ಲಿನ ಜಾಗದಲ್ಲಿ ಪಿಕ್ಕಾಸಿನ ಪೆಟ್ಟಿಗೆ ಹೊಂಡದ ಗೋಡೆ ನುಣ್ಣಗಾಗಿ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಬಾಲ್ದಿಯ ಹಾಗೆ ನೀರು ನಿಂತು ಬೇರು ಕೊಳೀತದೆ. ಹಾಗಾಗಿ ಗೋಡೆ ಕೆರೆದು ಒರಟು ಮಾಡಿ, ಗಿಡವನ್ನು ನೆಲಕ್ಕಿಂತ ಒಂದೆರಡು ಇಂಚು ಎತ್ತರಕ್ಕೆ ಕೂರಿಸಿ. ಸುತ್ತಿದ ಬೇರನ್ನು ಚೂರಿಯಲ್ಲಿ ಮೇಲಿಂದ ಕೆಳಗೆ ಮೂರು ಕಡೆ ಸೀಳಿ, ಅಯ್ಯೋ ಪಾಪ ಅನ್ನಿಸ್ತದೆ, ಆದ್ರೆ ಹೊಸ ಬೇರು ಹೊರಗೆ ಹೋಗುವುದು ಆ ಸೀಳಿನಿಂದಲೇ. ತೆಗೆದ ಮಣ್ಣಿಗೇ ಸ್ವಲ್ಪ ಹಟ್ಟಿಗೊಬ್ಬರ ಬೆರೆಸಿ ತುಂಬಿಸಿ, ಬರೀ ಗೊಬ್ಬರ ತುಂಬಿಸ್ಬೇಡಿ. ನೀರು ನಿಲ್ಲುವ ಜಾಗ ಆದ್ರೆ ಜೂನಲ್ಲಿ ನೆಡುವುದೇ ಬೇಡ, ಸೆಪ್ಟೆಂಬರ್ ವರೆಗೆ ಕಾಯಿರಿ.