ಓದುವ ಫೈಲೇ ಬೇರೆ, ಓಡುವ ಕೋಡೇ ಬೇರೆ

ಸಿಂಧನೂರು, ಕಾರಟಗಿ, ಗಂಗಾವತಿ, ಸಿರುಗುಪ್ಪದ ಕಡೆ ಭತ್ತದ ದರ ಮಾತಾಡುವುದು 75 ಕೆಜಿ ಚೀಲಕ್ಕೆ. ಇಲ್ಲಿನ ದಲಾಲಿ ಅಂಗಡಿಗೋ ರೈಸ್ ಮಿಲ್ಲಿಗೋ ಪೈಥಾನ್‌ನಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಡುವವರಿಗೆ ಇಂಥ ದೂರು ಹೊಸದಲ್ಲ: ಹಮಾಲಿ ಚೀಲಕ್ಕೆ 8 ಇದ್ದದ್ದು 10 ಆಯಿತು, ಫೈಲಿನಲ್ಲಿ ತಿದ್ದಿದ್ದೂ ಆಯಿತು, ಆದರೂ ಪಟ್ಟಿಯಲ್ಲಿ 60 ಚೀಲಕ್ಕೆ 480 ರೂಪಾಯಿಯೇ ಬೀಳುತ್ತಿದೆ. ಬರಬೇಕಾದದ್ದು 600. ಕಡಿಮೆ ಬಿದ್ದ ಆ 120 ರೂಪಾಯಿ ಯಾರದೋ ಬೆನ್ನಿನ ಮೇಲೆ ಚೀಲ ಹೊತ್ತ ಕೂಲಿ. ಕಂಪ್ಯೂಟರ್ ಆರಿಸಿ ಹಚ್ಚಿದರೆ ಸರಿಹೋದೀತು ಅಂತ ಬಿಡುವ ಸಂಗತಿ ಅಲ್ಲ.

ಇಂಥ ವೇಳೆ ಎಡಿಟರ್‌ನಲ್ಲಿ ತೆರೆದಿರುವ ಫೈಲನ್ನು ಹತ್ತು ಸಲ ಓದಿದರೂ ಪ್ರಯೋಜನವಿಲ್ಲ. ಪೈಥಾನ್ ನಡೆಸುವುದು ಆ ಅಕ್ಷರಗಳನ್ನಲ್ಲ. ಅದರಿಂದ ತಯಾರಾದ ಸೂಚನೆಗಳ ಕಟ್ಟನ್ನು, ಅಂದರೆ ಕೋಡ್ ಆಬ್ಜೆಕ್ಟನ್ನು. ಅದನ್ನೇ ಕೇಳಿ ನೋಡಲು ಪೈಥಾನ್ ಜೊತೆಗೇ ಎರಡು ಉಪಕರಣ ಬರುತ್ತವೆ: ಇನ್‌ಸ್ಪೆಕ್ಟ್ ಮತ್ತು ಡಿಸ್. ಮೊದಲನೆಯದು ಫೈಲು ಎಲ್ಲಿದೆ, ಸೋರ್ಸ್ (ಬರೆದ ಮೂಲ ಸಾಲುಗಳು) ಏನು ಅಂತ ತೋರಿಸುತ್ತದೆ, ಎರಡನೆಯದು ಆ ಸೂಚನೆಗಳನ್ನು. ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. (ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ಫಂಕ್ಷನ್, ವೇರಿಯಬಲ್‌ಗಳ ಕನ್ನಡ ಹೆಸರನ್ನು ಮಾತ್ರ ಪೈಥಾನ್ 3 ಹಾಗೆಯೇ ಒಪ್ಪುತ್ತದೆ.)

ಉದಾಹರಣೆಗೆ ಲೆಕ್ಕ ಎಂಬ ಮಾಡ್ಯೂಲ್ (ಲೆಕ್ಕ.ಪಿವೈ ಎಂಬ ಫೈಲು) ಇಟ್ಟುಕೊಳ್ಳೋಣ. ಮೇಲಿನ ಸಾಲಿನಲ್ಲಿ ಹಮಾಲಿ_ದರ = 8. ಅದರ ಕೆಳಗೆ ಪಟ್ಟಿ ಎಂಬ ಫಂಕ್ಷನ್; ಅದು ತೆಗೆದುಕೊಳ್ಳುವುದು ತೂಕ, ದರ, ಹಮಾಲಿ. ಮೂರನೆಯದಕ್ಕೆ ಡಿಫಾಲ್ಟ್ ಬೆಲೆ (ಕರೆಯುವವರು ಕೊಡದಿದ್ದರೆ ಹಿಡಿಯುವ ಬೆಲೆ) ಹಮಾಲಿ_ದರ. ಒಳಗೆ ತೂಕವನ್ನು 75ರಿಂದ ಭಾಗಿಸಿ ಚೀಲ ಎಷ್ಟೆಂದು ತೆಗೆದು, ಚೀಲಕ್ಕೆ ದರ ಹಾಕಿ, ಹಮಾಲಿ ಕಳೆದು ಮೊತ್ತ ಕೊಡುತ್ತದೆ.

ಮೊದಲು ಕೇಳಬೇಕಾದದ್ದು ಯಾವ ಫೈಲು ಅನ್ನುವುದನ್ನು:

ಪೈಥಾನ್3 -ಎಂ ಇನ್‌ಸ್ಪೆಕ್ಟ್ --ಡೀಟೇಲ್ಸ್ ಲೆಕ್ಕ:ಪಟ್ಟಿ

ಬಂದ ಉತ್ತರದಲ್ಲಿ ‘ಒರಿಜಿನ್’ ಎಂಬ ಸಾಲು ನೋಡಿ. ಅದರ ಮುಂದಿರುವುದು ಮಾಡ್ಯೂಲ್ ನಿಜವಾಗಿ ಬಂದ ಜಾಗ. ತಿದ್ದಿದ್ದು ಡಿ ಡ್ರೈವ್‌ನ ಫೈಲು, ಒರಿಜಿನ್ ತೋರಿಸುತ್ತಿರುವುದು ಡೆಸ್ಕ್‌ಟಾಪ್‌ನಲ್ಲಿ ಬ್ಯಾಕಪ್ ಅಂತ ಇಟ್ಟ ಹಳೇ ಪ್ರತಿ ಅಂತಾದರೆ ಹುಡುಕಾಟ ಅಲ್ಲಿಗೇ ಮುಗಿಯಿತು. ‘ಲೈನ್’ ಎಂಬ ಸಾಲನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಬಳಕೆಯಲ್ಲಿರುವ ಹಲವು ಆವೃತ್ತಿಗಳಲ್ಲಿ ಅದು ಸೊನ್ನೆಯಿಂದ ಎಣಿಸುತ್ತದೆ, ಹಾಗಾಗಿ ಎಡಿಟರ್‌ನ ಸಾಲಿಗಿಂತ ಒಂದು ಕಡಿಮೆ. ಡೀಟೇಲ್ಸ್ ಬಿಟ್ಟು ಅದೇ ಆಜ್ಞೆ ಕೊಟ್ಟರೆ ಫಂಕ್ಷನ್‌ನ ಸೋರ್ಸ್ ಬರುತ್ತದೆ.

ಎಲ್ಲಿ ನಿಂತು ಆಜ್ಞೆ ಕೊಡುತ್ತೀರಿ ಅನ್ನುವುದೂ ಮುಖ್ಯ. -ಎಂ ಹಾಕಿದಾಗ ಪೈಥಾನ್ ಮೊದಲು ಹುಡುಕುವುದು ಟರ್ಮಿನಲ್ ಈಗ ಇರುವ ಫೋಲ್ಡರ್‌ನಲ್ಲಿ. ಆದರೆ ಶಾರ್ಟ್‌ಕಟ್ ಒತ್ತಿ ಬಿಲ್ಲಿಂಗ್ ಪ್ರೋಗ್ರಾಂ ಶುರು ಮಾಡಿದಾಗ ಅದು ಮೊದಲು ಹುಡುಕುವುದು ಆ ಮುಖ್ಯ ಫೈಲು ಇರುವ ಫೋಲ್ಡರ್‌ನಲ್ಲಿ. ಎರಡೂ ಬೇರೆಯಾದರೆ ಉಪಕರಣ ತೋರಿಸುವ ಮಾಡ್ಯೂಲ್ ಒಂದು, ಅಂಗಡಿಯಲ್ಲಿ ಓಡುವುದು ಇನ್ನೊಂದು. ಆದ್ದರಿಂದ ಮುಖ್ಯ ಫೈಲಿನ ಫೋಲ್ಡರ್‌ಗೆ ಹೋಗಿಯೇ ಆಜ್ಞೆ ಕೊಡಿ. ವಿಂಡೋಸ್‌ನಲ್ಲಿ ಎರಡು ಮೂರು ಪೈಥಾನ್ ಕೂತಿರುವ ಅನುಮಾನವಿದ್ದರೆ ‘ಪಿವೈ -0ಪಿ’ ಎಂದು ಹೊಡೆದರೆ ಪ್ರತಿಯೊಂದೂ ಎಲ್ಲಿದೆ ಅಂತ ಹೇಳುತ್ತದೆ.

ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇನ್‌ಸ್ಪೆಕ್ಟ್ ನಿಮ್ಮ ಮಾಡ್ಯೂಲನ್ನು ಇಂಪೋರ್ಟ್ ಮಾಡುತ್ತದೆ. ಇಂಪೋರ್ಟ್ ಅಂದರೆ ಫಂಕ್ಷನ್‌ಗಳ ಹೊರಗೆ ಬರೆದ ಪ್ರತಿ ಸಾಲೂ ಓಡುತ್ತದೆ. ಫೈಲಿನ ಕೊನೆಗೆ ಪ್ರಿಂಟರ್‌ಗೆ ಪಟ್ಟಿ ಕಳಿಸುವ ಅಥವಾ ರೈತರಿಗೆ ಎಸ್ಸೆಮ್ಮೆಸ್ ಹಾಕುವ ಸಾಲು ಬಯಲಲ್ಲಿದ್ದರೆ, ಬರೀ ನೋಡಲು ಹೋದವರ ಕೈಯಿಂದ ಎಸ್ಸೆಮ್ಮೆಸ್ ಹೊರಟಿರುತ್ತದೆ. ಡಿಸ್‌ಗೆ ಈ ಅಪಾಯವಿಲ್ಲ. ‘ಪೈಥಾನ್3 -ಎಂ ಡಿಸ್ ಲೆಕ್ಕ.ಪಿವೈ’ ಎಂದು ಕೊಟ್ಟರೆ ಅದು ಫೈಲನ್ನು ಕಂಪೈಲ್ ಮಾಡಿ ಪೈಥಾನ್ ನಡೆಸುವ ಸೂಚನೆಗಳನ್ನು, ಅಂದರೆ ಬೈಟ್‌ಕೋಡ್ ತೋರಿಸುತ್ತದೆಯೇ ಹೊರತು ಓಡಿಸುವುದಿಲ್ಲ. ಪರಿಚಯವಿಲ್ಲದ ಫೈಲಿಗೆ ಮೊದಲು ಡಿಸ್ ಹಚ್ಚುವುದೇ ಸರಿ.

ಈಗ ‘ಚೀಲ = ತೂಕ / 75’ ಎಂಬ ಒಂದೇ ಸಾಲನ್ನು ಹತ್ತಿರದಿಂದ ನೋಡೋಣ. ಪೈಥಾನ್ 3.12ರಲ್ಲಿ ಡಿಸ್ ಅದಕ್ಕೆ ನಾಲ್ಕು ಸೂಚನೆ ತೋರಿಸುತ್ತದೆ:

ಲೋಡ್_ಫಾಸ್ಟ್ 0 (ತೂಕ)
ಲೋಡ್_ಕಾನ್ಸ್ಟ್ 1 (75)
ಬೈನರಿ_ಆಪ್ 11 (/)
ಸ್ಟೋರ್_ಫಾಸ್ಟ್ 3 (ಚೀಲ)

ತೂಕವನ್ನು ಸ್ಟ್ಯಾಕ್ (ಬೆಲೆಗಳನ್ನು ಒಂದರ ಮೇಲೊಂದು ಪೇರಿಸುವ ಜಾಗ) ಮೇಲೆ ಇಡು, ಅದರ ಮೇಲೆ 75 ಇಡು, ಭಾಗಿಸು, ಬಂದದ್ದನ್ನು ಚೀಲದಲ್ಲಿ ಇಡು. ಆವರಣದ ಹಿಂದಿರುವ ಅಂಕಿ ಕೋಡ್ ಆಬ್ಜೆಕ್ಟ್ ಒಳಗಿನ ಹೆಸರು, ಸ್ಥಿರ ಬೆಲೆಗಳ ಸಾಲಿನಲ್ಲಿ ಅದರ ಸ್ಥಾನ; ಬೈನರಿ_ಆಪ್ ಪಕ್ಕದ 11 ಮಾತ್ರ ಯಾವ ಲೆಕ್ಕ ಎಂದು ಹೇಳುವ ಸಂಕೇತ. ಮೂರನೇ ಸೂಚನೆಯಲ್ಲಿ 11ರ ಬದಲು 2, ಆವರಣದಲ್ಲಿ ಎರಡು ಓರೆಗೆರೆ ಕಂಡರೆ ಅದು ಪೂರ್ಣ ಭಾಗಾಕಾರ. 4,530 ಕೆಜಿಗೆ 60.4 ಚೀಲ ಬರಬೇಕಾದಲ್ಲಿ 60 ಬರುತ್ತದೆ. ಚೀಲಕ್ಕೆ 1,800 ರೂಪಾಯಿ ದರ ಇದ್ದರೆ ರೈತನಿಗೆ ಆ 30 ಕೆಜಿಯ 720 ರೂಪಾಯಿ ಖೋತಾ. ಸೋರ್ಸ್‌ನಲ್ಲಿ ಒಂದು ಗೆರೆ ಹೆಚ್ಚಿದ್ದದ್ದು ಕಣ್ಣಿಗೆ ಜಾರುತ್ತದೆ, ಇಲ್ಲಿ ಜಾರುವುದಿಲ್ಲ.

ಹಮಾಲಿಗೆ ಬರೋಣ. ಮುಖ್ಯ ಪ್ರೋಗ್ರಾಂ ಶುರುವಾಗುವಾಗ ಸೆಟ್ಟಿಂಗ್ಸ್ ಓದಿ ಲೆಕ್ಕ.ಹಮಾಲಿ_ದರವನ್ನು 10 ಮಾಡುತ್ತದೆ ಅನ್ನಿ. ಆದರೂ 480. ಪಟ್ಟಿ ಫಂಕ್ಷನ್‌ನ ಬೈಟ್‌ಕೋಡ್‌ನಲ್ಲಿ 75 ಇದೆ. 8ಕ್ಕಾಗಲಿ 10ಕ್ಕಾಗಲಿ ಹುಡುಕಿದರೆ ಲೋಡ್_ಕಾನ್ಸ್ಟ್ ಪಕ್ಕದಲ್ಲಿ ಸ್ಥಿರ ಬೆಲೆಯಾಗಿ ಎರಡೂ ಇಲ್ಲ. ಇರುವುದು ಲೋಡ್_ಫಾಸ್ಟ್ 2 (ಹಮಾಲಿ) ಮಾತ್ರ. ಸುಳಿವು ಇರುವುದೇ ಇಲ್ಲಿ. ಲೋಡ್_ಗ್ಲೋಬಲ್ ಇದ್ದಿದ್ದರೆ ಪ್ರತಿ ಸಲ ಮಾಡ್ಯೂಲ್‌ನ ಹಮಾಲಿ_ದರವನ್ನು ಹೋಗಿ ನೋಡುತ್ತಿತ್ತು. ಲೋಡ್_ಫಾಸ್ಟ್ ಅಂದರೆ ಬೆಲೆ ಆಗಲೇ ಫಂಕ್ಷನ್ ಕೈಗೆ ಬಂದಿದೆ. ಎಲ್ಲಿಂದ ಬಂತು? ಡಿಸ್ ಔಟ್‌ಪುಟ್‌ನ ಮೇಲ್ಭಾಗಕ್ಕೆ, ಮಾಡ್ಯೂಲ್‌ನ ಸೂಚನೆಗಳಿಗೆ ಹೋಗಿ. ಅಲ್ಲಿ ಮೇಕ್_ಫಂಕ್ಷನ್‌ಗಿಂತ ಮೊದಲೇ ಲೋಡ್_ನೇಮ್ (ಹಮಾಲಿ_ದರ) ಇದೆ. ಫಂಕ್ಷನ್ ಹುಟ್ಟುವ ಹೊತ್ತಿಗೆ ದರ ಎಷ್ಟಿತ್ತೋ ಅದನ್ನು ಒಮ್ಮೆ ಎತ್ತಿಕೊಂಡು ಡಿಫಾಲ್ಟ್ ಆಗಿ ಕಟ್ಟಿಬಿಟ್ಟಿದೆ. ಆಮೇಲೆ ಯಾರು ಏನು ಬದಲಿಸಿದರೂ ಅದಕ್ಕೆ ಗೊತ್ತಾಗದು.

ಕೋಡ್ ಆಬ್ಜೆಕ್ಟ್‌ಗೂ ಫಂಕ್ಷನ್‌ಗೂ ಇರುವ ವ್ಯತ್ಯಾಸ ಇದೇ. ಸೂಚನೆ, ಸ್ಥಿರ ಬೆಲೆ, ಹೆಸರುಗಳು ಕೋಡ್ ಆಬ್ಜೆಕ್ಟ್‌ನಲ್ಲಿರುತ್ತವೆ. ಡಿಫಾಲ್ಟ್‌ಗಳು ಫಂಕ್ಷನ್‌ಗೆ ಅಂಟಿಕೊಂಡಿರುತ್ತವೆ. ಪಟ್ಟಿ.__ಡಿಫಾಲ್ಟ್ಸ್__ ಪ್ರಿಂಟ್ ಮಾಡಿದರೆ (8,) ಅಂತ ಬರುತ್ತದೆ. ಪರಿಹಾರ: ಡಿಫಾಲ್ಟ್ ಜಾಗದಲ್ಲಿ ನನ್ (ಬೆಲೆ ಇಲ್ಲ ಎಂಬುದಕ್ಕೆ ಪೈಥಾನ್ ಇಟ್ಟ ಗುರುತು) ಇಟ್ಟು, ಅದು ನನ್ ಆಗಿದ್ದರೆ ಹಮಾಲಿ_ದರವನ್ನು ಒಳಗೇ ಓದಿಕೊಳ್ಳಿ. ಮತ್ತೆ ಡಿಸ್ ಹಚ್ಚಿ, ಲೋಡ್_ಗ್ಲೋಬಲ್ (ಹಮಾಲಿ_ದರ) ಕಂಡ ಮೇಲೆಯೇ ಫೈಲನ್ನು ಅಂಗಡಿಗೆ ಕಳಿಸಿ.

ಅಂಗಡಿಯಲ್ಲಿ ಬೆಳಿಗ್ಗೆ ತೆರೆದ ಬಿಲ್ಲಿಂಗ್ ವಿಂಡೋವನ್ನು ಮುಚ್ಚಿ ತೆರೆಯಿಸುವುದೂ ನಿಮ್ಮದೇ ಕೆಲಸ. ಫೈಲು ಬದಲಾದರೂ ಅದು ಸಂಜೆವರೆಗೆ ಬೆಳಗಿನ ಕೋಡನ್ನೇ ನಡೆಸುತ್ತದೆ. ಡಿಸ್ ಮತ್ತು ಇನ್‌ಸ್ಪೆಕ್ಟ್ ಹೊಸದಾಗಿ ಶುರುವಾಗುವ ಪ್ರೋಗ್ರಾಂಗಳು, ಓಡುತ್ತಿರುವ ವಿಂಡೋದ ಒಳಗೆ ಅವು ಇಣುಕುವುದಿಲ್ಲ.

ಅಸರ್ಟ್ (ಷರತ್ತು ಸುಳ್ಳಾದರೆ ಎರರ್ ಎಬ್ಬಿಸುವ ಸಾಲು) ಬರೆದು ತೂಕ ಸೊನ್ನೆಗಿಂತ ಹೆಚ್ಚಿದೆಯೇ ಅಂತ ಪರೀಕ್ಷಿಸುವವರು ‘ಪೈಥಾನ್3 -ಓ -ಎಂ ಡಿಸ್ ಲೆಕ್ಕ.ಪಿವೈ’ ಒಮ್ಮೆ ನೋಡಿ. ದೊಡ್ಡಕ್ಷರದ ಓ ಹಾಕಿ ನಡೆಸಿದರೆ ಅಸರ್ಟ್‌ನ ಸೂಚನೆಗಳೇ ಇರುವುದಿಲ್ಲ. ಹಣದ ಲೆಕ್ಕದ ಕಾವಲಿಗೆ ಅಸರ್ಟ್ ಬೇಡ, ಇಫ್ ಬರೆದು ಎರರ್ ಎಬ್ಬಿಸಿ.

ಡೆಕೊರೇಟರ್ (ಫಂಕ್ಷನ್ ಸುತ್ತ ಇನ್ನೊಂದು ಫಂಕ್ಷನ್ ಹೊದಿಸುವ ಗುರುತು) ಹಾಕಿದ ಫಂಕ್ಷನ್‌ನಲ್ಲಿ ಎರಡು ಉಪಕರಣಗಳ ಉತ್ತರ ಬೇರೆ ಬೇರೆ ಬರಬಹುದು. ಫಂಕ್‌ಟೂಲ್ಸ್‌ನ ರ‍್ಯಾಪ್ಸ್ ಬಳಸಿದ್ದರೆ ಇನ್‌ಸ್ಪೆಕ್ಟ್ ಒಳಗಿನ ಮೂಲ ಫಂಕ್ಷನ್‌ನ ಸೋರ್ಸ್ ಕೊಡುತ್ತದೆ. ಇಂಪೋರ್ಟ್ ಮಾಡಿ ಅದೇ ಹೆಸರಿಗೆ ಡಿಸ್ ಹಚ್ಚಿದರೆ ಕಾಣುವುದು ಹೊರಗಿನ ಹೊದಿಕೆ. ಎರಡೂ ನಿಜವೇ, ಮೊದಲು ಓಡುವುದು ಹೊದಿಕೆ.

ಬರೆದುಕೊಟ್ಟವರು ಸೋರ್ಸ್ ಕೊಡದೆ .ಪಿವೈಸಿ (ಕಂಪೈಲ್ ಮಾಡಿಟ್ಟ ಫೈಲು) ಮಾತ್ರ ಕೊಟ್ಟಿದ್ದರೆ ಇನ್‌ಸ್ಪೆಕ್ಟ್ ಸೋರ್ಸ್ ಸಿಗಲಿಲ್ಲ ಅನ್ನುತ್ತದೆ. ಆಗ ಪೈಥಾನ್ ಒಳಗೆ ಮಾಡ್ಯೂಲನ್ನು ಇಂಪೋರ್ಟ್ ಮಾಡಿ ಡಿಸ್.ಶೋ_ಕೋಡ್(ಲೆಕ್ಕ.ಪಟ್ಟಿ) ಕೊಡಿ: ಆರ್ಗ್ಯುಮೆಂಟ್ ಎಷ್ಟು, ಸ್ಥಿರ ಬೆಲೆಗಳು ಯಾವುವು, ಯಾವ ಹೆಸರುಗಳನ್ನು ಮುಟ್ಟುತ್ತದೆ ಎಲ್ಲ ಬರುತ್ತದೆ. ಕಂಪೈಲ್ ಮಾಡಿದ ಆವೃತ್ತಿಯ ಪೈಥಾನ್‌ನಲ್ಲೇ ತೆರೆಯಬೇಕು, ಇಲ್ಲವಾದರೆ ‘ಬ್ಯಾಡ್ ಮ್ಯಾಜಿಕ್ ನಂಬರ್’ ಎಂದು ನಿಲ್ಲುತ್ತದೆ. ಸೂಚನೆಗಳ ಹೆಸರೂ ಆವೃತ್ತಿಗೆ ತಕ್ಕಂತೆ ಬದಲಾಗುತ್ತವೆ. ಬೈನರಿ_ಆಪ್ ಬಂದದ್ದು 3.11ರಲ್ಲಿ, ಅದಕ್ಕೂ ಮೊದಲು ಭಾಗಾಕಾರ, ಗುಣಾಕಾರಕ್ಕೆ ಬೇರೆ ಬೇರೆ ಹೆಸರಿದ್ದವು. 3.14ರಲ್ಲಿ 0ಯಿಂದ 255ರವರೆಗಿನ ಪೂರ್ಣಾಂಕಗಳಿಗೆ ಲೋಡ್_ಸ್ಮಾಲ್_ಇಂಟ್ ಬಂದಿರುವುದರಿಂದ ನಮ್ಮ 75 ಅಲ್ಲಿ ಲೋಡ್_ಕಾನ್ಸ್ಟ್ ಪಕ್ಕದಲ್ಲಿ ಸಿಗುವುದಿಲ್ಲ.