ವಿದೇಶದಲ್ಲಿ ಬಿಸಿನೆಸ್ ಮಾಸ್ಟರ್ಸ್: ಖರ್ಚು ಕಡಿಮೆ, ಹೆಸರು ಗಟ್ಟಿ ಇರುವ ಕೋರ್ಸ್ ಹುಡುಕೋದು ಹೇಗೆ?

ಓದುಗರ ಪ್ರಶ್ನೆ: ನಾನು ಗದಗದವನು. ಈ ವರ್ಷ ಬಿ.ಕಾಂ. ಮುಗಿಯಿತು, 72 ಪರ್ಸೆಂಟ್ ಬಂದಿದೆ. ವಿದೇಶದಲ್ಲಿ ಎಂಬಿಎ ಮಾಡುವ ಆಸೆ. ಅಪ್ಪನದು ಬೆಟಗೇರಿಯಲ್ಲಿ ಸಣ್ಣ ಬಟ್ಟೆ ಅಂಗಡಿ. 25 ಲಕ್ಷದ ಒಳಗೆ ಆಗುವ ಒಳ್ಳೆಯ ಕಾಲೇಜು ಯಾವುದು? ಹುಬ್ಬಳ್ಳಿಯ ಒಂದು ಏಜೆನ್ಸಿಯವರು ಎಲ್ಲಾ ಫ್ರೀಯಾಗಿ ಮಾಡಿಕೊಡ್ತೀವಿ ಅಂತಾರೆ. ನಂಬಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮಿಂದ ದುಡ್ಡು ತೆಗೆದುಕೊಳ್ಳದ ಏಜೆನ್ಸಿಗೆ ದುಡ್ಡು ಕಾಲೇಜಿನಿಂದ ಬರುತ್ತದೆ. ನೀವು ಕಟ್ಟುವ ಫೀಯಲ್ಲೇ ಅವರ ಕಮಿಷನ್ ಇರುತ್ತದೆ. ಇದು ಮೋಸ ಅಂತ ಹೇಳುತ್ತಿಲ್ಲ, ಅದು ಅವರ ವ್ಯಾಪಾರ. ಆದರೆ ಫೀ ಇಲ್ಲದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕಮಿಷನ್ ಎಲ್ಲಿಂದ ಬರಬೇಕು? ಹಾಗಾಗಿ ನಿಮಗೆ ಬೇಕಾದ ಅಗ್ಗದ, ಒಳ್ಳೆಯ ಕೋರ್ಸು ಅವರ ಪಟ್ಟಿಯಲ್ಲಿ ಇರುವುದೇ ಅಪರೂಪ. ಅದನ್ನು ನೀವೇ ಹುಡುಕಬೇಕು.

ಅಕ್ಕನ ಮಗಳ ಜೊತೆ ನಾನೂ ಒಮ್ಮೆ ವಿದ್ಯಾನಗರದ ಇಂಥದ್ದೊಂದು ಆಫೀಸಿನಲ್ಲಿ ಕುಳಿತಿದ್ದೆ. ದಪ್ಪ ಹೊಳೆಯುವ ಬ್ರೋಷರ್ ಕೈಗೆ ಕೊಟ್ಟರು. ಹಿಂದಿನ ಪುಟದಲ್ಲಿ ಎಎಸಿಎಸ್‌ಬಿ (ಬಿಸಿನೆಸ್ ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಎಂಬ ಮುದ್ರೆ ದೊಡ್ಡದಾಗಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಮೆಂಬರ್' ಅಂತ ಇತ್ತು. ಹುಡುಗಿ ಆ ಪದದ ಮೇಲೆ ಬೆರಳಿಟ್ಟು ಕೇಳಿದಳು, 'ಮಾಮಾ, ಮೆಂಬರ್ ಅಂದ್ರೆ ಮಾನ್ಯತೆ ಸಿಕ್ಕಂಗಾ?' ಅಲ್ಲ. ಸದಸ್ಯತ್ವವೇ ಬೇರೆ, ಮಾನ್ಯತೆಯೇ ಬೇರೆ. ಮಾನ್ಯತೆ ಸಿಗಬೇಕಾದರೆ ಹೊರಗಿನ ಪರಿಣಿತರು ಬಂದು ಪಾಠ, ಅಧ್ಯಾಪಕರು, ಸಂಶೋಧನೆ ಎಲ್ಲವನ್ನೂ ನೋಡಿ ಒಪ್ಪಬೇಕು. ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ಅವತ್ತು ಆ ಒಂದು ಪದ ನೋಡದೇ ಇದ್ದಿದ್ದರೆ ಅಡ್ವಾನ್ಸ್ ಕಟ್ಟಿಯೇ ಬರುತ್ತಿದ್ದೆವು.

ಬಿಸಿನೆಸ್ ಕಾಲೇಜುಗಳಿಗೆ ಜಗತ್ತಿನಲ್ಲಿ ಮೂರು ದೊಡ್ಡ ಮಾನ್ಯತೆಗಳಿವೆ: ಅಮೆರಿಕದ ಎಎಸಿಎಸ್‌ಬಿ, ಯುರೋಪಿನ ಇಕ್ವಿಸ್, ಲಂಡನ್ನಿನ ಆಂಬಾ. ಮೂರೂ ಇದ್ದರೆ ಟ್ರಿಪಲ್ ಕ್ರೌನ್ ಅನ್ನುತ್ತಾರೆ. ಜಗತ್ತಿನ ಬಿಸಿನೆಸ್ ಕಾಲೇಜುಗಳಲ್ಲಿ ಸುಮಾರು 1 ಪರ್ಸೆಂಟಿಗೆ ಮಾತ್ರ ಈ ಮೂರೂ ಇವೆ. ಆ ಸಂಸ್ಥೆಗಳ ವೆಬ್‌ಸೈಟಿನಲ್ಲಿ ಕಾಲೇಜಿನ ಹೆಸರು ನೀವೇ ಹಾಕಿ ನೋಡಿ, ಬ್ರೋಷರ್ ನಂಬಬೇಡಿ. ಜರ್ಮನಿಯ ವಿ.ವಿ. ಆದರೆ ಹೋಖ್‌ಶೂಲ್‌ಕೊಂಪಾಸ್ (Hochschulkompass) ಎಂಬ ಪಟ್ಟಿ ಇದೆ, ಸರ್ಕಾರದ ಮಾನ್ಯತೆ ಇರುವ ವಿ.ವಿ.ಗಳದ್ದು. ಅದರಲ್ಲಿ ಹೆಸರು ಇರಬೇಕು.

ರ‍್ಯಾಂಕಿಂಗ್ ಬಗ್ಗೆ ಒಂದೇ ಮಾತು. ಫೈನಾನ್ಷಿಯಲ್ ಟೈಮ್ಸ್ ಪಟ್ಟಿಯಲ್ಲಿ ಕಾಣುವ ಸಂಬಳ ಆಯಾ ದೇಶದ ಬೆಲೆಮಟ್ಟಕ್ಕೆ ಹೊಂದಿಸಿದ ಲೆಕ್ಕ. ಕೈಗೆ ಬರುವ ಡಾಲರ್ ಅದಲ್ಲ. ಅದನ್ನು ರೂಪಾಯಿಗೆ ಗುಣಿಸಿ ಮನೆಯಲ್ಲಿ ಹೇಳಬೇಡಿ.

ಇನ್ನು 'ಎಂಬಿಎ' ಅನ್ನುವ ಪದ. ನಮ್ಮಲ್ಲಿ ಬಿ.ಕಾಂ. ಮುಗಿಸಿದ ಕೂಡಲೇ ಎಂಬಿಎ ಸೇರುತ್ತೇವೆ. ಹೊರಗಡೆ ಹಾಗಲ್ಲ. ಅಲ್ಲಿನ ಒಳ್ಳೆಯ ಎಂಬಿಎಗಳು ಕೆಲವು ವರ್ಷ ಕೆಲಸ ಮಾಡಿದ ಅನುಭವ ಕೇಳುತ್ತವೆ, ಫೀಯೂ ಜಾಸ್ತಿ. ಜರ್ಮನಿಯ ಸರ್ಕಾರಿ ವಿ.ವಿ.ಗಳು ಕೂಡ ಎಂಬಿಎಗೆ ಸಾಮಾನ್ಯವಾಗಿ ಫೀ ತೆಗೆದುಕೊಳ್ಳುತ್ತವೆ. ನಿಮ್ಮಂಥ ಹೊಸಬರಿಗೆ ಇರುವುದು ಎಂ.ಎಸ್ಸಿ. ಇನ್ ಮ್ಯಾನೇಜ್‌ಮೆಂಟ್, ಫೈನಾನ್ಸ್, ಮಾರ್ಕೆಟಿಂಗ್, ಬಿಸಿನೆಸ್ ಅನಲಿಟಿಕ್ಸ್. ಹುಡುಕುವಾಗ ಈ ಹೆಸರುಗಳನ್ನೇ ಹಾಕಿ. ಅನುಭವವನ್ನೇ ಕೇಳದೆ, ಎರಡೇ ದಿನದಲ್ಲಿ ಸೀಟು ಕೊಡುವ ವಿದೇಶಿ ಎಂಬಿಎ ಕಂಡರೆ ಸ್ವಲ್ಪ ತಡೆಯಿರಿ.

ಈಗ ದುಡ್ಡಿನ ಮಾತು. ಜರ್ಮನಿಯ ಹೆಚ್ಚಿನ ಸರ್ಕಾರಿ ವಿ.ವಿ.ಗಳಲ್ಲಿ ಮಾಸ್ಟರ್ಸ್‌ಗೆ ಟ್ಯೂಷನ್ ಫೀ ಇಲ್ಲ, ಸೆಮಿಸ್ಟರಿಗೆ ಒಂದಿಷ್ಟು ಚಿಲ್ಲರೆ ಶುಲ್ಕ ಅಷ್ಟೇ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕುತ್ತದೆ. ಟ್ರಿಪಲ್ ಕ್ರೌನ್ ಇರುವ ಮಾನ್‌ಹೈಮ್ ವಿ.ವಿ. ಅದೇ ರಾಜ್ಯದ್ದು. ಮ್ಯೂನಿಕ್‌ನ ತಾಂತ್ರಿಕ ವಿ.ವಿ. ಕೂಡ 2024ರಿಂದ ಫೀ ಶುರು ಮಾಡಿದೆ. ಆದರೆ 'ಫ್ರೀ' ಅಂದ ಮಾತ್ರಕ್ಕೆ ಖರ್ಚಿಲ್ಲ ಅಂತಲ್ಲ. ವೀಸಾಕ್ಕೆ ಒಂದು ವರ್ಷದ ಊಟ-ವಸತಿ ಖರ್ಚು 11,904 ಯೂರೋವನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ತಿಂಗಳಿಗೆ 992ರಂತೆ ಅದರಿಂದ ತೆಗೆಯಬಹುದು. ಯೂರೋಗೆ 100 ರೂಪಾಯಿ ಹಿಡಿದರೂ ವರ್ಷಕ್ಕೆ 12 ಲಕ್ಷ, ಎರಡು ವರ್ಷಕ್ಕೆ 24 ಲಕ್ಷ. ಮಾನ್‌ಹೈಮ್ ಆದರೆ ಮೇಲೆ ಇನ್ನೂ 6 ಲಕ್ಷ. ನಿಮ್ಮ 25 ಲಕ್ಷ ಫೀ ಇಲ್ಲದ ಕಡೆ ಸರಿಹೋಗುತ್ತದೆ, ಅದೂ ಬಿಗಿಯಾಗಿ. ಓದುತ್ತಲೇ ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು ಅವಕಾಶ ಇದೆ. ಆದರೆ ಭಾಷೆ ಬಾರದವರಿಗೆ ಮೊದಲ ಆರು ತಿಂಗಳು ಆ ದುಡ್ಡನ್ನು ಲೆಕ್ಕಕ್ಕೇ ಹಿಡಿಯಬೇಡಿ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಸಿಗುತ್ತದೆ. ಬಿಸಿನೆಸ್ ಓದಿದವರಿಗೆ ಅಲ್ಲಿ ಜರ್ಮನ್ ಬಾರದೆ ಕೆಲಸ ಕಷ್ಟ. ಇವತ್ತಿನಿಂದಲೇ ಕಲಿಯಲು ಶುರು ಮಾಡಿ.

ನಿಮ್ಮ ಅಂಕಗಳನ್ನು ಅವರು ತಮ್ಮ ಅಳತೆಗೆ ತಂದುಕೊಳ್ಳುತ್ತಾರೆ. ಅಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಜಸ್ಟ್ ಪಾಸ್. ಪಾಸ್ ಅಂಕ 40 ಅಂತ ಇಟ್ಟುಕೊಳ್ಳಿ. ನೂರರಿಂದ ನಿಮ್ಮ 72 ಕಳೆದರೆ 28. ಅದನ್ನು 60ರಿಂದ ಭಾಗಿಸಿ, ಮೂರರಿಂದ ಗುಣಿಸಿ, 1 ಕೂಡಿಸಿ. 2.4 ಬರುತ್ತದೆ. ಅನೇಕ ಕೋರ್ಸುಗಳು 2.5ರ ಒಳಗೆ ಕೇಳುತ್ತವೆ. ನೀವು ಅಂಚಿನಲ್ಲಿ ಇದ್ದೀರಿ, ಆದರೆ ಒಳಗಿದ್ದೀರಿ. ಮೂರು ವರ್ಷದ ಡಿಗ್ರಿ ಒಪ್ಪುತ್ತೀರಾ ಅಂತ ಪ್ರತಿ ವಿ.ವಿ.ಗೂ ಇಮೇಲ್ ಬರೆದು ಕೇಳಿ.

ಬ್ರಿಟನ್ನಿನಲ್ಲಿ ಕೋರ್ಸು ಒಂದೇ ವರ್ಷ, ಆದರೆ ಫೀ ಭಾರ. ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಬೇರೆ. ಓದಿನ ನಂತರ ಉಳಿಯುವ ಎರಡು ವರ್ಷದ ಅವಕಾಶ, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಇಟಲಿಯ ಸರ್ಕಾರಿ ವಿ.ವಿ.ಗಳು ಮನೆಯ ಆದಾಯ ನೋಡಿ ಫೀ ಹಾಕುತ್ತವೆ. ಸಣ್ಣ ಅಂಗಡಿಯ ಮನೆಗೆ ಇದು ನಿಜಕ್ಕೂ ಅನುಕೂಲ, ಬಿಡದೆ ನೋಡಿ. ಫ್ರಾನ್ಸಿನಲ್ಲಿ ಐಎಇ ಎಂಬ ಸರ್ಕಾರಿ ಬಿಸಿನೆಸ್ ಶಾಲೆಗಳಿವೆ, ದೊಡ್ಡ ಹೆಸರಿನ ಖಾಸಗಿ ಶಾಲೆಗಳಿಗಿಂತ ಎಷ್ಟೋ ಅಗ್ಗ. ನಾರ್ವೆ ಫ್ರೀ ಅಂತ ಯಾರಾದರೂ ಹೇಳಿದರೆ ಅದು ಹಳೆಯ ಮಾತು, 2023ರಿಂದ ನಮ್ಮವರಿಗೆ ಅಲ್ಲೂ ಫೀ ಇದೆ.

ಸಾಲದ ವಿಷಯ ಅಪ್ಪನ ಜೊತೆ ಕುಳಿತು ಓದಿ. 7.5 ಲಕ್ಷದವರೆಗೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಕೇಳುವುದಿಲ್ಲ. ಅದರ ಮೇಲೆ ಅಡಮಾನ ಬೇಕು. ನಮ್ಮ ಕಡೆಯವರು ಇಲ್ಲೇ ಎಡವುತ್ತಾರೆ. 'ಹೊಲ ಐತಲ್ಲ' ಅಂತ ಉತಾರ (ಪಹಣಿ) ಹಿಡಿದು ಹೋಗುತ್ತಾರೆ. ಸಾಲ ಮುಳುಗಿದರೆ ಬ್ಯಾಂಕಿಗೆ ಆಸ್ತಿ ವಶಪಡಿಸಿಕೊಳ್ಳಲು ಇರುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಅದಕ್ಕೇ ಹೊಲ ಕಂಡರೆ ಬ್ಯಾಂಕಿನವರು ಹಿಂದೆ ಸರಿಯುತ್ತಾರೆ. ಮನೆ, ಅಂಗಡಿ, ಎನ್‌ಎ (ಕೃಷಿಯೇತರ) ಆದ ಪ್ಲಾಟ್ ಇದ್ದರೆ ಕೆಲಸ ಆಗುತ್ತದೆ. ಓದುವಾಗ ಕಂತು ಇಲ್ಲ ಅಂದರೂ ಬಡ್ಡಿ ಓಡುತ್ತಲೇ ಇರುತ್ತದೆ. 20 ಲಕ್ಷಕ್ಕೆ 10 ಪರ್ಸೆಂಟ್ ಅಂದರೆ ಮೂರು ವರ್ಷಕ್ಕೆ 6 ಲಕ್ಷ. ಅಂಗಡಿಯ ಆದಾಯದಲ್ಲಿ ತಿಂಗಳ ಬಡ್ಡಿಯನ್ನಾದರೂ ಕಟ್ಟಲು ಸಾಧ್ಯವಾ ಅಂತ ಮೊದಲೇ ನೋಡಿಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡದವರಾದರೆ ರಾಜ್ಯದ ಪ್ರಬುದ್ಧ ಯೋಜನೆ ಇದೆ, ಸಾಲಕ್ಕೆ ಮೊದಲು ಅದನ್ನು ವಿಚಾರಿಸಿ.

ಜರ್ಮನಿ ಅಂತ ತೀರ್ಮಾನ ಆದರೆ ಎಪಿಎಸ್ ಪ್ರಮಾಣಪತ್ರ, ಅಂದರೆ ನಿಮ್ಮ ಓದಿನ ದಾಖಲೆಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ, ಮಾಡಿಸಬೇಕು. 2022ರ ನವೆಂಬರಿನಿಂದ ಅದು ಕಡ್ಡಾಯ, ಶುಲ್ಕ 18,000 ರೂಪಾಯಿ. ಬರಲು ವಾರಗಟ್ಟಲೆ ಬೇಕು. ಅದಕ್ಕಿಂತ ಮುಂಚೆ ಅಂಕಪಟ್ಟಿಗಳು ಕೈಯಲ್ಲಿರಬೇಕು. ಕರ್ನಾಟಕ ವಿ.ವಿ.ಯ ಡಿಗ್ರಿಯಾದರೆ ಧಾರವಾಡಕ್ಕೆ ಹೋಗಿ ಟ್ರಾನ್ಸ್‌ಕ್ರಿಪ್ಟ್‌ಗೆ (ಎಲ್ಲಾ ಅಂಕಗಳ ಅಧಿಕೃತ ದಾಖಲೆ) ಅರ್ಜಿ ಹಾಕಿ, ಒಂದರ ಬದಲು ನಾಲ್ಕೈದು ಪ್ರತಿ ಕೇಳಿ. ಅಂಕಪಟ್ಟಿಯಲ್ಲಿ, ಆಧಾರಿನಲ್ಲಿ, ಪಾಸ್‌ಪೋರ್ಟಿನಲ್ಲಿ ನಿಮ್ಮ ಹೆಸರು, ಅಡ್ಡಹೆಸರು ಒಂದೇ ತರ ಇದೆಯಾ ನೋಡಿ. ಇಲ್ಲದಿದ್ದರೆ ಈ ತಿಂಗಳೇ ಸರಿಪಡಿಸಿಕೊಳ್ಳಿ. ಪಾಸ್‌ಪೋರ್ಟಿಗೆ ದೂರ ಹೋಗಬೇಕಿಲ್ಲ, ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ.