ಗೇರ್ ಹಾಕುವುದರಲ್ಲಿ ಅಷ್ಟೊಂದು ಖುಷಿ ಯಾಕೆ?

ಓದುಗರ ಪ್ರಶ್ನೆ: ಕೆಲವು ಕಾರುಗಳಲ್ಲಿ ಗೇರ್ ಹಾಕುವುದೇ ಒಂದು ಖುಷಿ. ಅಗತ್ಯ ಇಲ್ಲದಿದ್ದರೂ ಸುಮ್ನೆ ಒಂದು ಗೇರ್ ಇಳಿಸಿ ಏರಿಸೋಣ ಅನ್ನಿಸುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಗೇರ್ ಹಗುರವಾಗಿಯೇ ಬೀಳುತ್ತದೆ, ಆದರೂ ಆ ಮಜಾ ಇಲ್ಲ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಲಿವರಿನ ಓಡಾಟ ಕಡಿಮೆ ಮಾಡುವ ಶಾರ್ಟ್ ಶಿಫ್ಟರ್ ಹಾಕಿಸಿದರೆ ಸರಿಹೋಗುತ್ತದಾ?

ಉತ್ತರ: ಹಗುರವಾಗಿ ಬೀಳುತ್ತದೆ, ಆದರೂ ಮಜಾ ಇಲ್ಲ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಗೇರ್ ಎಷ್ಟು ಹಗುರ, ಲಿವರ್ ಎಷ್ಟು ಗಿಡ್ಡ ಅನ್ನುವುದು ಆಮೇಲಿನ ಮಾತು. ಒಳಗೆ ಏನಾಗುತ್ತಿದೆ ಅನ್ನುವುದು ಕೈಗೆ ಆಗಿಂದಾಗಲೇ ಗೊತ್ತಾಗಬೇಕು. ತಡೆ ಬರಬೇಕಾದಲ್ಲಿ ಬರಬೇಕು, ಬಿಡಬೇಕಾದಲ್ಲಿ ಬಿಡಬೇಕು, ಗೇರ್ ಕೂತಿತು ಅನ್ನುವುದರಲ್ಲಿ ಅನುಮಾನ ಉಳಿಯಬಾರದು. ಇಷ್ಟಿದ್ದರೆ ಲಿವರ್ ಸ್ವಲ್ಪ ಭಾರವಾಗಿದ್ದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸೆಕೆಂಡ್ ಗೇರ್‌ನಿಂದ ಥರ್ಡ್‌ಗೆ ಹಾಕುವುದನ್ನು ನಿಧಾನಕ್ಕೆ ಬಿಡಿಸಿ ನೋಡೋಣ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ ಇದು, ಆದರೆ ಅದರೊಳಗೆ ನಾಲ್ಕೈದು ಬೇರೆ ಬೇರೆ ಘಟನೆಗಳಿವೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ಲಿವರ್ ದೂಡಿದಾಗ ಒಂದು ಗೇರಿನ ಹಲ್ಲು ಹೋಗಿ ಇನ್ನೊಂದರ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಇವತ್ತಿನ ಕಾರುಗಳಲ್ಲಿ ಮುಂದಕ್ಕೆ ಓಡಿಸುವ ಗೇರುಗಳೆಲ್ಲ ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಆದರೆ ಪ್ರತಿ ಜೋಡಿಯಲ್ಲೂ ಒಂದು ಚಕ್ರ ತನ್ನ ಶಾಫ್ಟಿನ ಮೇಲೆ ಸುಮ್ನೆ ಉರುಳುತ್ತಿರುತ್ತದೆ. ನಿಮ್ಮ ಕೈ ಸರಿಸುವುದು ಒಂದು ಬಳೆಯಾಕಾರದ ಸ್ಲೀವನ್ನು. ಅದು ಪಕ್ಕಕ್ಕೆ ಜಾರಿ, ಉರುಳುತ್ತಿದ್ದ ಚಕ್ರದ ಬದಿಯಲ್ಲಿರುವ ಚಿಕ್ಕ ಚಿಕ್ಕ ಹಲ್ಲುಗಳನ್ನು ಹಿಡಿದುಕೊಂಡಾಗ ಆ ಚಕ್ರ ಶಾಫ್ಟಿಗೆ ಅಂಟುತ್ತದೆ. ಗೇರ್ ಬಿತ್ತು ಅನ್ನುವುದು ಇದಕ್ಕೇ.

ಈಗ ಕೈಗೆ ಏನೇನು ಸಿಗುತ್ತದೆ ನೋಡಿ. ಕ್ಲಚ್ ತುಳಿದಿರಿ, ಇಂಜಿನ್ನಿನ ಒತ್ತಡ ಹಲ್ಲುಗಳಿಂದ ಇಳಿಯಿತು. ಲಿವರನ್ನು ಮುಂದಕ್ಕೆ ದೂಡಿದಿರಿ. ಒಳಗೆ ಸ್ಪ್ರಿಂಗಿನ ಒತ್ತಡದಲ್ಲಿ ಒಂದು ಉಕ್ಕಿನ ಗುಂಡು, ಸ್ಲೀವನ್ನು ಸರಿಸುವ ಸೆಲೆಕ್ಟರ್ ರಾಡಿನ ತಗ್ಗಿನಲ್ಲಿ ಕೂತಿರುತ್ತದೆ. ಅದು ತಗ್ಗಿನಿಂದ ಎದ್ದು ಹೊರಬರುವಾಗ ಒಂದು ಚಿಕ್ಕ ತಡೆ. ಆಮೇಲೆ ನ್ಯೂಟ್ರಲ್, ಲಿವರ್ ಹಗುರ. ಅಲ್ಲಿ ಇನ್ನೊಂದು ಸ್ಪ್ರಿಂಗ್ ಲಿವರನ್ನು ತಾನಾಗಿಯೇ ಮಧ್ಯಕ್ಕೆ, ಮೂರು-ನಾಲ್ಕರ ಸಾಲಿಗೆ ತರುತ್ತದೆ. ಹಾಗಾಗಿ ಎರಡರಿಂದ ಮೂರಕ್ಕೆ ಹೋಗಲು ಪಕ್ಕಕ್ಕೆ ಎಳೆಯುವ ಅಗತ್ಯವೇ ಇಲ್ಲ, ಮುಷ್ಟಿ ಸಡಿಲ ಬಿಟ್ಟು ನೇರ ಮುಂದಕ್ಕೆ ದೂಡಿದರೆ ಸಾಕು. ಗಟ್ಟಿಯಾಗಿ ಹಿಡಿದು ಪಕ್ಕಕ್ಕೆ ಎಳೆಯುವವರೇ ಮೂರರ ಬದಲು ಐದಕ್ಕೆ ಹಾಕುವುದು. ಮುಂದಕ್ಕೆ ದೂಡಿದಾಗ ಅರ್ಧ ದಾರಿಯಲ್ಲಿ ಇನ್ನೊಂದು ತಡೆ ಸಿಗುತ್ತದೆ. ಇದು ಮೆತ್ತಗಿನ ತಡೆ, ಒಂದು ಕ್ಷಣ ಹಿಡಿದು ಕರಗಿಹೋಗುವಂಥದ್ದು. ಕರಗಿದ ಕೂಡಲೇ ಸ್ಲೀವ್ ಒಳಗೆ ಜಾರುತ್ತದೆ, ಗುಂಡು ಮುಂದಿನ ತಗ್ಗಿಗೆ ಬೀಳುತ್ತದೆ. ಗುಂಡು ಬೀಳುವ ಆ ಕೊನೆಯ ಹಂತದಲ್ಲಿ ಲಿವರ್ ನಿಮ್ಮ ಕೈಯಿಂದ ತಾನೇ ಒಳಗೆ ಎಳೆದುಕೊಂಡಂತೆ ಅನ್ನಿಸುತ್ತದೆ. ನೀವು ಹೇಳುವ ಮಜಾದ ಬಹುಪಾಲು ಇರುವುದು ಆ ಎಳೆತದಲ್ಲಿ. ಸ್ಪ್ರಿಂಗ್ ಎಷ್ಟು ಬಿಗಿ, ತಗ್ಗು ಎಷ್ಟು ಆಳ, ಅದರ ಇಳಿಜಾರು ಎಷ್ಟು ಕಡಿದು ಅನ್ನುವುದನ್ನು ಕಾರು ಮಾಡುವವರು ಇದಕ್ಕಾಗಿಯೇ ಕೂತು ಹೊಂದಿಸುತ್ತಾರೆ.

ನಡುವೆ ಕರಗಿದ ಆ ಮೆತ್ತಗಿನ ತಡೆ ಸಿಂಕ್ರೋದ್ದು. ಸ್ಲೀವ್ ಒಂದು ವೇಗದಲ್ಲಿ, ಚಕ್ರ ಇನ್ನೊಂದು ವೇಗದಲ್ಲಿ ತಿರುಗುತ್ತಿರುವಾಗ ಹಲ್ಲಿಗೆ ಹಲ್ಲು ಕೊಟ್ಟರೆ ಕಿರ್ ಅನ್ನುತ್ತದೆ. ಓಡುವ ಬಸ್ಸು ಹತ್ತುವವನು ಮೊದಲು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡುತ್ತಾನಲ್ಲ, ಸಿಂಕ್ರೋ ಮಾಡುವುದೂ ಅದನ್ನೇ. ಸಾಮಾನ್ಯವಾಗಿ ಹಿತ್ತಾಳೆಯಂಥ ಲೋಹದ ಒಂದು ಉಂಗುರ ಚಕ್ರದ ಕೋನ್ ಮೇಲೆ ಒತ್ತಿ, ತಿಕ್ಕಾಟದಿಂದ ಎರಡರ ವೇಗವನ್ನೂ ಒಂದು ಮಾಡುತ್ತದೆ. ವೇಗ ಒಂದಾಗುವ ತನಕ ಸ್ಲೀವಿಗೆ ದಾರಿ ಬಿಡುವುದಿಲ್ಲ. 1929ರ ಮಾದರಿಯ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಇದು ಮೊದಲು ಬಂತು. ಅದಕ್ಕೂ ಮುಂಚೆ ಪ್ರತಿ ಸಲ ಎರಡೆರಡು ಸಲ ಕ್ಲಚ್ ತುಳಿದು, ಆಕ್ಸಿಲರೇಟರ್ ಕೊಟ್ಟು, ವೇಗ ಕೂಡಿಸುವ ಕೆಲಸ ಡ್ರೈವರನದೇ ಆಗಿತ್ತು.

ಒಂದೇ ಕಾರಿನಲ್ಲಿ ಎಲ್ಲ ಗೇರೂ ಒಂದೇ ತರ ಯಾಕೆ ಬೀಳುವುದಿಲ್ಲ? ಲೆಕ್ಕ ಸುಲಭ. ಒಂದು ಕಾರಿನ ಫಸ್ಟ್ ಗೇರ್ ಅನುಪಾತ (ಗೇರ್‌ಬಾಕ್ಸಿನಿಂದ ಹೊರಹೋಗುವ ಶಾಫ್ಟಿನ ಒಂದು ಸುತ್ತಿಗೆ ಇಂಜಿನ್ ಕಡೆಯ ಶಾಫ್ಟ್ ತಿರುಗುವ ಸುತ್ತುಗಳು) 3.6, ಸೆಕೆಂಡ್ 2.0, ಥರ್ಡ್ 1.4 ಎಂದಿಟ್ಟುಕೊಳ್ಳಿ. 3000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3000 ಸುತ್ತಿನಲ್ಲಿ, ಫಸ್ಟ್‌ನಿಂದ ಸೆಕೆಂಡ್‌ಗೆ ಹಾಕಿದರೆ ಇಂಜಿನ್ ಕಡೆಯ ಆ ಒಳಗಿನ ಶಾಫ್ಟ್ ಸುಮಾರು 1670ಕ್ಕೆ ಇಳಿಯಬೇಕು. ಸೆಕೆಂಡ್‌ನಿಂದ ಥರ್ಡ್‌ಗಾದರೆ 2100ಕ್ಕೆ ಇಳಿದರೆ ಸಾಕು. ಮೊದಲನೆಯದರಲ್ಲಿ 1300ಕ್ಕೂ ಜಾಸ್ತಿ ಇಳಿತ, ಎರಡನೆಯದರಲ್ಲಿ 900. ಒಂದು-ಎರಡು ಯಾವಾಗಲೂ ಸ್ವಲ್ಪ ತಡೆದಂತೆ ಅನ್ನಿಸುವುದಕ್ಕೆ ಇದೇ ಕಾರಣ. ಕೆಳಗಿನ ಗೇರುಗಳಿಗೆ ಬಹಳ ಕಂಪನಿಗಳು ಎರಡು ಅಥವಾ ಮೂರು ಕೋನ್‌ಗಳ ಸಿಂಕ್ರೋ ಕೊಡುವುದೂ ಇದಕ್ಕೇ. ಅದೇ ಸೆಕೆಂಡ್‌ನಲ್ಲಿ 3000ದಲ್ಲಿ ಓಡುತ್ತಿರುವಾಗ ಫಸ್ಟ್‌ಗೆ ಇಳಿಸಲು ಹೋದರೆ ಶಾಫ್ಟ್ 5400ಕ್ಕೆ ಏರಬೇಕು. ಓಡುವ ಗಾಡಿಯಲ್ಲಿ ಫಸ್ಟ್ ಬೀಳಲ್ಲ ಎಂದು ದೂರುವವರು ಈ ಅಂಕಿ ನೋಡಿದರೆ ಗೇರ್‌ಬಾಕ್ಸನ್ನು ಬೈಯುವುದಿಲ್ಲ.

ಇಷ್ಟೆಲ್ಲ ಒಳಗೆ ಚೆನ್ನಾಗಿ ನಡೆದರೂ ಅದು ಕೈವರೆಗೆ ಬರಬೇಕಲ್ವಾ? ಕಾರು ಕಾರಿಗೆ ವ್ಯತ್ಯಾಸ ಬರುವುದು ಜಾಸ್ತಿ ಇಲ್ಲಿಯೇ. ಇಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ಓಡಿಸುವ ಕಾರುಗಳಲ್ಲಿ ಗೇರ್‌ಬಾಕ್ಸ್ ಸೀಟುಗಳ ನಡುವೆಯೇ ಇರುತ್ತದೆ, ಲಿವರ್ ನೇರವಾಗಿ ಅದರ ತಲೆಯ ಮೇಲೆ ನಿಲ್ಲಬಹುದು. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5, 1999ರ ಹೋಂಡಾ ಎಸ್2000 ಎರಡೂ ಹೀಗಿದ್ದವು. ಗೇರ್ ಹಾಕುವ ಖುಷಿಯ ಮಾತು ಬಂದಾಗಲೆಲ್ಲ ಇವೆರಡರ ಹೆಸರು ಬರುವುದು ಸುಮ್ನೆ ಅಲ್ಲ. ಕೈಗೂ ಆ ಗುಂಡಿಗೂ ನಡುವೆ ಹೆಚ್ಚೇನೂ ಇಲ್ಲ.

ಮುಂದಿನ ಚಕ್ರ ಓಡಿಸುವ ಹೆಚ್ಚಿನ ಕಾರುಗಳಲ್ಲಿ ಇಂಜಿನ್ ಅಡ್ಡಕ್ಕೆ ಕೂತಿರುತ್ತದೆ, ಗೇರ್‌ಬಾಕ್ಸ್ ಬಾನೆಟ್ಟಿನ ಕೆಳಗೆ ದೂರದಲ್ಲಿರುತ್ತದೆ. ಅಲ್ಲಿಗೆ ಮಾತು ಮುಟ್ಟಿಸಲು ರಾಡುಗಳು ಅಥವಾ ಎರಡು ಕೇಬಲ್‌ಗಳು ಬೇಕು, ಒಂದು ಹಿಂದೆ-ಮುಂದೆಗೆ, ಇನ್ನೊಂದು ಪಕ್ಕಕ್ಕೆ. ದಾರಿಯುದ್ದಕ್ಕೂ ಕೀಲುಗಳಲ್ಲಿ ಕೂರುವ ರಬ್ಬರ್, ಪ್ಲಾಸ್ಟಿಕ್ ಬಳೆಗಳು, ಅಂದರೆ ಬುಷ್‌ಗಳು. ಪ್ರತಿಯೊಂದೂ ಸ್ವಲ್ಪ ಸ್ವಲ್ಪ ಬಗ್ಗುತ್ತದೆ. ನಡುಕ ಕಡಿಮೆ ಮಾಡಲು ಹಾಕಿದ ಮೆತ್ತಗಿನ ಬುಷ್ ಆ ಗುಂಡಿನ ಸದ್ದನ್ನೂ ನುಂಗಿಹಾಕುತ್ತದೆ. ನೀವು ಹೇಳಿದ ಹಗುರ ಆದರೆ ಸಪ್ಪೆ ಗೇರ್ ಹುಟ್ಟುವುದು ಬಹುಪಾಲು ಇಲ್ಲಿ. ಹಾಗಂತ ಕೇಬಲ್ ಅಂದರೆ ಕೆಟ್ಟದ್ದು ಅಂತೇನಿಲ್ಲ. ಹೋಂಡಾ ಸಿವಿಕ್ ಟೈಪ್ ಆರ್ ಅಡ್ಡ ಇಂಜಿನ್ನಿನ, ಮುಂದಿನ ಚಕ್ರದ ಕಾರು, ಅದರ ಗೇರನ್ನು ಹೊಗಳದ ಡ್ರೈವರುಗಳು ಕಡಿಮೆ. ಬಾನೆಟ್ ತೆಗೆದು ನೋಡಿದರೆ ಕೆಲವು ಕಾರುಗಳ ಗೇರ್‌ಬಾಕ್ಸಿನ ಮೇಲಿನ ಲಿಂಕಿಗೆ ಒಂದು ಕಬ್ಬಿಣದ ತೂಕ ಅಂಟಿಸಿರುವುದು ಕಾಣುತ್ತದೆ. ಕೆಲಸಕ್ಕೆ ಬಾರದ ಗಟ್ಟಿ ಅನ್ನಿಸಬಹುದು. ಅದು ತನ್ನ ಭಾರದಿಂದಲೇ ಸಿಂಕ್ರೋದ ಚಿಕ್ಕ ಮುಳ್ಳುಗಳನ್ನು ದಾಟಿಸಿಕೊಂಡು ಹೋಗುತ್ತದೆ. ಭಾರದ ಗೇರ್ ನಾಬ್ ಹಾಕಿಸುವವರು ಪಡೆಯುವುದೂ ಇದೇ ಲಾಭ.

ಈಗ ಶಾರ್ಟ್ ಶಿಫ್ಟರ್. ನನಗೆ ಇದರ ಮೇಲೆ ಅಷ್ಟು ಪ್ರೀತಿ ಇಲ್ಲ. ಲಿವರಿನ ಓಡಾಟ ಕಡಿಮೆ ಮಾಡುತ್ತದೆ ನಿಜ. ಆದರೆ ಸಿಂಕ್ರೋ ಮಾಡಬೇಕಾದ ಕೆಲಸ ಕಡಿಮೆ ಆಗುವುದಿಲ್ಲ. ಓಡಾಟ ಅರ್ಧಕ್ಕೆ ಇಳಿದರೆ ಕೈ ಹಾಕಬೇಕಾದ ಬಲ ಎರಡರಷ್ಟಾಗುತ್ತದೆ, ಸನ್ನೆಕೋಲಿನ ಹಳೇ ಲೆಕ್ಕ. ಬುಷ್ ಸವೆದು ಲಿವರ್ ಅಲ್ಲಾಡುವ ಗಾಡಿಗೆ ಇದನ್ನು ಹಾಕಿಸಿದರೆ ಲೂಸಾಗಿದ್ದ ಗೇರ್ ಲೂಸೂ ಗಡಸೂ ಆಗುತ್ತದೆ, ಅಷ್ಟೇ. ಮೊದಲು ಸವೆದ ಬುಷ್ ಬದಲಾಯಿಸಿ. ಸ್ವಲ್ಪ ಗಟ್ಟಿ ಬುಷ್ ಸಿಕ್ಕರೆ ಇನ್ನೂ ಒಳ್ಳೆಯದು. ಇಂಜಿನ್ನನ್ನು ಹಿಡಿದಿಡುವ ರಬ್ಬರ್ ಮೌಂಟಿಂಗ್ ಕುಸಿದಿದೆಯಾ ನೋಡಿಸಿ, ರಾಡ್ ಇರುವ ಕಾರುಗಳಲ್ಲಿ ಇಂಜಿನ್ ಅಲ್ಲಾಡಿದಂತೆಲ್ಲ ಲಿವರೂ ಕುಣಿಯುತ್ತದೆ. ಇಷ್ಟಾದ ಮೇಲೂ ಬೇಕು ಅನ್ನಿಸಿದರೆ ಶಾರ್ಟ್ ಶಿಫ್ಟರ್ ಕಡೆ ನೋಡಿ.

ಲಿವರಿನ ಮಾತಾಯಿತು. ಬಹಳ ಜನ ಮರೆಯುವುದು ಕಾಲಿನ ಪಾಲನ್ನು. ಗೇರ್ ಬದಲಾಯಿಸುವಾಗ ಎರಡು ಕಡೆ ವೇಗ ಕೂಡಿಬರಬೇಕು. ಗೇರ್‌ಬಾಕ್ಸಿನ ಒಳಗಿನದನ್ನು ಸಿಂಕ್ರೋ ನೋಡಿಕೊಳ್ಳುತ್ತದೆ. ಇಂಜಿನ್ನಿನ ವೇಗ ಮತ್ತು ಗೇರ್‌ಬಾಕ್ಸಿನ ವೇಗ ಕ್ಲಚ್‌ನಲ್ಲಿ ಕೂಡಬೇಕು, ಅದು ನಿಮ್ಮ ಕಾಲಿನ ಕೆಲಸ. ಮೇಲಿನ ಲೆಕ್ಕದಲ್ಲಿ ಥರ್ಡ್ ಹಾಕಿ ಕ್ಲಚ್ ಬಿಡುವ ಹೊತ್ತಿಗೆ ಇಂಜಿನ್ ಸರಿಯಾಗಿ 2100ಕ್ಕೆ ಇಳಿದಿದ್ದರೆ ಗಾಡಿಯಲ್ಲಿ ಕೂತವರಿಗೆ ಗೇರ್ ಬದಲಾದದ್ದೇ ತಿಳಿಯುವುದಿಲ್ಲ. ಹಾಗಾಗಬೇಕಾದರೆ ಆಕ್ಸಿಲರೇಟರ್ ಬಿಟ್ಟ ಕೂಡಲೇ ಇಂಜಿನ್ ಇಳಿಯಬೇಕು. ಈಚಿನ ಕೆಲವು ಕಾರುಗಳಲ್ಲಿ ಕಾಲು ತೆಗೆದ ಮೇಲೂ ಇಂಜಿನ್ ಸ್ವಲ್ಪ ಹೊತ್ತು ಮೇಲೆಯೇ ನೇತಾಡುತ್ತದೆ. ಹೊಗೆಯ ನಿಯಮಕ್ಕಾಗಿ ಕಂಪ್ಯೂಟರ್ ಥ್ರಾಟಲನ್ನು ನಿಧಾನಕ್ಕೆ ಮುಚ್ಚುವುದು ಒಂದು ಕಾರಣ, ಇಂಜಿನ್ನಿನ ತುದಿಯಲ್ಲಿ ತಿರುಗುವ ಭಾರದ ಚಕ್ರ, ಫ್ಲೈವೀಲ್, ಇನ್ನೊಂದು. ಆಗ ಕೈ ಕೆಲಸ ಮುಗಿಸಿದರೂ ಇಂಜಿನ್ ಇಳಿಯುವ ತನಕ ಕಾಯಬೇಕು. ಕಾಯದೆ ಕ್ಲಚ್ ಬಿಟ್ಟರೆ ಜರ್ಕ್. ಲಿವರ್ ಎಷ್ಟೇ ಚೆನ್ನಾಗಿದ್ದರೂ ಇಂಥ ಕಾರಿನಲ್ಲಿ ಲಯ ಸಿಗುವುದಿಲ್ಲ. ನನ್ನ ಮಟ್ಟಿಗೆ ಇದು ಸವೆದ ಬುಷ್‌ಗಿಂತ ದೊಡ್ಡ ಕಿರಿಕಿರಿ, ಯಾಕೆಂದರೆ ಬುಷ್ ಬದಲಾಯಿಸಬಹುದು.

ಗೇರ್ ಇಳಿಸುವಾಗ ಇದೇ ಕೆಲಸ ತಿರುಗಾಮುರುಗಾ. ಥರ್ಡ್‌ನಲ್ಲಿ 2100ದಲ್ಲಿದ್ದ ಇಂಜಿನ್ ಸೆಕೆಂಡ್‌ಗೆ 3000ಕ್ಕೆ ಏರಬೇಕು. ಕ್ಲಚ್ ತುಳಿದಿರುವಾಗಲೇ ಆಕ್ಸಿಲರೇಟರಿಗೆ ಒಂದು ಚಿಕ್ಕ ಒತ್ತು ಕೊಟ್ಟು ಅಲ್ಲಿಗೆ ಏರಿಸಿ, ಅಲ್ಲೇ ಕ್ಲಚ್ ಬಿಟ್ಟರೆ ಗಾಡಿ ಒಂದಿಷ್ಟೂ ಮುಗ್ಗರಿಸುವುದಿಲ್ಲ. ಬ್ರೇಕ್ ಮತ್ತು ಆಕ್ಸಿಲರೇಟರ್ ಪೆಡಲುಗಳು ಹತ್ತಿರ ಹತ್ತಿರ, ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರೆ ಬ್ರೇಕ್ ಒತ್ತುತ್ತಲೇ ಪಾದದ ಅಂಚಿನಿಂದ ಇದನ್ನು ಮಾಡಬಹುದು. 2009ರ ಮಾದರಿಯ ನಿಸ್ಸಾನ್ 370ಜೆಡ್ ಕಾರಿನಲ್ಲಿ ಈ ಏರಿಕೆಯನ್ನು ಕಂಪ್ಯೂಟರೇ ಮಾಡುವ ವ್ಯವಸ್ಥೆ ಬಂತು. ಈಗ ಹಲವು ಕಾರುಗಳಲ್ಲಿದೆ. ಕೆಲಸ ಅಚ್ಚುಕಟ್ಟು, ಮಜಾ ಮಾತ್ರ ಅದರ ಪಾಲು. ಪುಣ್ಯಕ್ಕೆ ಸಾಮಾನ್ಯವಾಗಿ ಆಫ್ ಮಾಡಲು ಒಂದು ಬಟನ್ ಇರುತ್ತದೆ.

ಕ್ಲಚ್ ಬಗ್ಗೆ ಒಂದೇ ಮಾತು. ಅದು ಎಲ್ಲಿ ಹಿಡಿಯುತ್ತದೆ ಅನ್ನುವುದು ಕಾಲಿಗೆ ಗೊತ್ತಾಗಬೇಕು, ಮತ್ತು ದಿನಾ ಅಲ್ಲೇ ಹಿಡಿಯಬೇಕು. ಪೆಡಲ್ ಬೆಣ್ಣೆಯಷ್ಟು ಮೆತ್ತಗಿದ್ದು ಹಿಡಿಯುವ ಜಾಗ ತಿಳಿಯದಿದ್ದರೆ ಅದು ಗುಣ ಅಲ್ಲ.

ಮೊದಲು ಚೆನ್ನಾಗಿದ್ದ ಗೇರ್ ಈಗ ಕೆಟ್ಟಿದ್ದರೆ ಗೇರ್‌ಬಾಕ್ಸಿನ ಎಣ್ಣೆ ನೋಡಿ. ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿರುವುದರಿಂದ ಮೊದಲ ಕೆಲವು ನಿಮಿಷ ಸೆಕೆಂಡ್ ಗೇರ್ ಮೊಂಡಾಟ ಮಾಡುವುದು ಸಹಜ, ಬಿಸಿಯಾದ ಮೇಲೂ ಮಾಡಿದರೆ ಚಿಂತೆ. ತೀರಾ ಜಾರುವ ಎಣ್ಣೆಯೂ ಆಗದು, ಸಿಂಕ್ರೋ ಉಂಗುರಕ್ಕೆ ಹಿಡಿತ ಬೇಕು. ಕಂಪನಿ ಜಿಎಲ್-4 ದರ್ಜೆಯ ಗೇರ್ ಎಣ್ಣೆ ಹೇಳಿರುವಲ್ಲಿ, ದೊಡ್ಡ ನಂಬರ್ ಎಂದು ಜಿಎಲ್-5 ಹಾಕಿಸಬೇಡಿ. ಅದರಲ್ಲಿ ಗಂಧಕದ ಅಂಶ ಇರುವ ಪದಾರ್ಥಗಳು ಜಾಸ್ತಿ, ಅವು ಹಿತ್ತಾಳೆಯ ಉಂಗುರಗಳನ್ನು ತಿನ್ನಬಹುದು. ಓಡಿಸುವಾಗ ಕೈಯನ್ನು ಲಿವರಿನ ಮೇಲೆ ಒರಗಿಸಿಡುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಆ ಭಾರ ಸ್ಲೀವನ್ನು ಸರಿಸುವ ಒಳಗಿನ ಕವೆ, ಅಂದರೆ ಫೋರ್ಕ್ ಮೂಲಕ ತಿರುಗುತ್ತಿರುವ ಸ್ಲೀವಿಗೆ ಒತ್ತಿ, ಎರಡನ್ನೂ ಸವೆಸುತ್ತದೆ.

ಹೊಸದಾಗಲಿ ಹಳೆಯದಾಗಲಿ, ಕಾರು ನೋಡಲು ಹೋದಾಗ ಇಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಕ್ಲಚ್ ತುಳಿದು ಎಲ್ಲ ಗೇರುಗಳಿಗೂ ಒಮ್ಮೆ ಹಾಕಿ ನೋಡಿ. ಸದ್ದಿಲ್ಲದಿರುವಾಗ ಗುಂಡು ತಗ್ಗಿಗೆ ಬೀಳುವುದು ಕೈಗೆ ಸ್ಪಷ್ಟವಾಗಿ ಸಿಗುತ್ತದೆ. ಒಂದೆರಡು ಗೇರ್ ಬೀಳದಿದ್ದರೆ ಗಾಬರಿ ಬೇಡ, ನಿಂತ ಹಲ್ಲುಗಳು ತುದಿಗೆ ತುದಿ ಕೊಟ್ಟಿರುತ್ತವೆ. ಗೇರ್‌ನಲ್ಲಿರುವಾಗ ಲಿವರ್ ಪಕ್ಕಕ್ಕೆ ಎಷ್ಟು ಅಲ್ಲಾಡುತ್ತದೆ, ನ್ಯೂಟ್ರಲ್‌ನಲ್ಲಿ ಬಿಟ್ಟರೆ ತಾನೇ ಮಧ್ಯಕ್ಕೆ ಬರುತ್ತದಾ ಗಮನಿಸಿ. ಆಮೇಲೆ ಓಡಿಸುವಾಗ ಲಿವರನ್ನು ಎರಡೇ ಬೆರಳಲ್ಲಿ ಹಿಡಿದು ಎರಡರಿಂದ ಮೂರು, ಮೂರರಿಂದ ಎರಡು ಹಾಕಿ ನೋಡಿ. ಏರಿಸುವಾಗ ಸುಮ್ಮನಿದ್ದು ಇಳಿಸುವಾಗ ಮಾತ್ರ ಕಿರ್ ಅಂದರೆ ಸೆಕೆಂಡಿನ ಸಿಂಕ್ರೋ ಸವೆದಿರುವ ಸಾಧ್ಯತೆ ಜಾಸ್ತಿ. ನಿಂತ ಗಾಡಿಯಲ್ಲಿ ರಿವರ್ಸ್ ಹಾಕುವಾಗ ಕಿರ್ ಅಂದರೆ ಒಂದೆರಡು ಕ್ಷಣ ಬಿಟ್ಟು ಮತ್ತೆ ಹಾಕಿ. ಬಹಳ ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೋ ಇರುವುದಿಲ್ಲ, ಕ್ಲಚ್ ತುಳಿದ ಮೇಲೆ ಒಳಗಿನ ಶಾಫ್ಟ್ ನಿಲ್ಲಲು ಸ್ವಲ್ಪ ಸಮಯ ಬೇಕು. ಕಾದ ಮೇಲೂ ಕಿರ್ ಅನ್ನುತ್ತಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ, ಮೆಕ್ಯಾನಿಕ್ ಹತ್ತಿರ ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಅದನ್ನು ನೋಡಿಸಿ.